‘ವೇರ್ ಯು ಲಿವ್?’ ಬಿಡಿಸುವುದು ಹೇಗೆ: ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್ ಪ್ರಶ್ನೆ ಕಲಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಲೈಬ್ರರಿಗಳಲ್ಲಿ, ಚರ್ಚಿನ ಹಾಲುಗಳಲ್ಲಿ ಸಂಜೆ ಹೊತ್ತು ನಡೆಯುವ ಇಂಗ್ಲಿಷ್ ಕ್ಲಾಸುಗಳಿಗೆ ಕಲಿಸಲು ಹೋಗುವ ಕನ್ನಡಿಗರು ಸಾಕಷ್ಟಿದ್ದಾರೆ. ಟೆಕ್ಸಸ್‌ನಲ್ಲಿ ನಾನಿರುವ ಕಡೆ ಕಲಿಯಲು ಬರುವವರು ಹೆಚ್ಚಾಗಿ ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಕಡೆಯವರು. ಕಲಿಸಲು ಹೋದ ನಮ್ಮವರು ಮೂರನೇ ತಿಂಗಳಿಗೆ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ದೂರು: ‘ಅಕ್ಕಾ, ಟೆನ್ಸ್ ಎಲ್ಲಾ ಮುಗಿಸಿದ್ದೀನಿ. ಬೋರ್ಡ್ ಮೇಲೆ ಸರಿಯಾಗೇ ಬರೀತಾರೆ. ಕ್ಲಾಸ್ ಬಿಟ್ಟು ಪಾರ್ಕಿಂಗ್‌ಗೆ ಬಂದ ಕೂಡಲೇ ವೇರ್ ಡು ಯು ಲಿವ್ ಅನ್ನೋ ಬದಲು ವೇರ್ ಯು ಲಿವ್ ಅಂತಾರೆ.’

ಇಲ್ಲಿರುವುದು ಆ ಒಂದು ತೊಂದರೆಗೆ ಮದ್ದು. ಪೂರ್ತಿ ಗ್ರಾಮರ್ ಹೇಳಿಕೊಡುವ ಆಸೆ ಬಿಡಿ. ದಿನಬಳಕೆಯ ಪ್ರಶ್ನೆ ಕೇಳಲು, ಕೇಳಿದ್ದಕ್ಕೆ ಉತ್ತರ ಕೊಡಲು ಬಂದರೆ ಉಳಿದದ್ದನ್ನು ಅವರೇ ಕೆಲಸದ ಜಾಗದಲ್ಲಿ ಹೆಕ್ಕಿಕೊಳ್ಳುತ್ತಾರೆ. ವಾರಕ್ಕೆ ಎರಡು ಸಲ, ಒಂದೂವರೆ ಗಂಟೆಯ ಕ್ಲಾಸಾದರೆ 12 ವಾರ ಬೇಕು. ಎಲ್ಲಕ್ಕಿಂತ ಮುಖ್ಯ ಹಂತಗಳ ಕ್ರಮ. ಸೋತವರಲ್ಲಿ ಮುಕ್ಕಾಲು ಪಾಲು ಜನ ಪಾಠ ಸರಿಯಾಗೇ ಮಾಡಿರುತ್ತಾರೆ, ಯಾವುದು ಮೊದಲು ಯಾವುದು ಆಮೇಲೆ ಎಂಬಲ್ಲಿ ಎಡವಿರುತ್ತಾರೆ.

## ಬೇಕಾದ ಸಾಮಾನು

ದಪ್ಪ ಕಾರ್ಡುಗಳು, ಹಳದಿ ಮತ್ತು ಗುಲಾಬಿ ಬಣ್ಣದ ಸ್ಟಿಕಿ ನೋಟ್, ಮಾರ್ಕರ್, ಗೋಡೆಗೆ ನೇತುಹಾಕುವ ಕ್ಯಾಲೆಂಡರ್, ಸೂಪರ್ ಮಾರ್ಕೆಟ್‌ನವರು ಹಂಚುವ ವಾರದ ರಿಯಾಯಿತಿ ಹಾಳೆ, ದನಿ ರೆಕಾರ್ಡ್ ಮಾಡಲು ಫೋನು. ಇಷ್ಟು ಸಾಕು. ಗ್ರಾಮರ್ ಪುಸ್ತಕ ನಿಮ್ಮ ಬ್ಯಾಗಿನಲ್ಲೇ ಇರಲಿ, ಮೇಜಿನ ಮೇಲೆ ಬೇಡ.

ಜೊತೆಗೆ ಒಂದಿಪ್ಪತ್ತು ಸ್ಪ್ಯಾನಿಷ್ ಮಾತು ಕಲಿತುಕೊಳ್ಳಿ. ನಮಗಿದು ಸುಲಭ. ಸ್ಪ್ಯಾನಿಷ್‌ನ ತ, ದ ನಮ್ಮ ಹಲ್ಲಿನ ತ, ದಗಳೇ. ಅವರ ಎನ್ ಅಕ್ಷರದ ನೆತ್ತಿಯ ಮೇಲೆ ಒಂದು ಅಲೆ ಇರುತ್ತದಲ್ಲ, ಅದು ಒಂದನೇ ಕ್ಲಾಸಿನಲ್ಲಿ ಕಲಿತು ಮರೆತ ನಮ್ಮ ಞ. ಆ ಅಲೆಯನ್ನು ನಾನು ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅರವತ್ತು ದಾಟಿದ ಹಿರಿಯರೊಬ್ಬರಿಗೆ ವಯಸ್ಸೆಷ್ಟು ಎಂದು ಕೇಳುವಾಗ ‘ಆಞೋಸ್’ ಅನ್ನುವ ಬದಲು ‘ಆನೋಸ್’ ಅಂದೆ. ಮೊದಲನೆಯದಕ್ಕೆ ವರ್ಷಗಳು ಎಂದರ್ಥ. ಎರಡನೆಯದು ಗುದದ್ವಾರದ ಬಹುವಚನ. ನಿಮಗೆ ಅವು ಎಷ್ಟಿವೆ ಎಂದು ಕೇಳಿದ ಹಾಗಾಯಿತು. ಆ ಯಜಮಾನರು ಗಂಭೀರವಾಗಿ ‘ಒಂದೇ’ ಅಂದರು. ತಪ್ಪು ಮಾಡಿದರೆ ಯಾರೂ ಸಾಯುವುದಿಲ್ಲ ಎಂದು ಕ್ಲಾಸಿಗೆ ಅವತ್ತು ಗೊತ್ತಾಯಿತು, ನನಗೂ.

ಇನ್ನೊಂದು ಎಚ್ಚರ. ಬಂದವರೆಲ್ಲರ ಮನೆಮಾತು ಸ್ಪ್ಯಾನಿಷ್ ಎಂದುಕೊಳ್ಳಬೇಡಿ. ಗ್ವಾಟೆಮಾಲಾದಿಂದ ಬಂದ ಹಲವರಿಗೆ ಮನೆಯಲ್ಲಿ ಮಾಮ್ ಅಥವಾ ಕಿಚೆಯಂಥ ಮಾಯಾ ಭಾಷೆ ಇರುತ್ತದೆ, ಸ್ಪ್ಯಾನಿಷ್ ಅವರಿಗೇ ಎರಡನೇ ಭಾಷೆ. ನಮ್ಮ ತುಳು, ಕೊಂಕಣಿ ಮನೆಗಳ ಹಾಗೆ. ಮೊದಲ ದಿನವೇ ಮೆಲ್ಲಗೆ ವಿಚಾರಿಸಿ.

## ಕ್ಲಾಸಿಗೆ ಮುಂಚೆ: ಯಾವ ತಪ್ಪು ಯಾರದ್ದು

ಕನ್ನಡ ಗೊತ್ತಿರುವುದು ಇಲ್ಲಿ ದೊಡ್ಡ ಅನುಕೂಲ. ಯಾವುದೇ ತಪ್ಪು ಕಿವಿಗೆ ಬಿದ್ದಾಗ ಅದೇ ಮಾತನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ತಪ್ಪುಗಳು ಮೂರು ರಾಶಿಯಾಗುತ್ತವೆ.

ಮೊದಲ ರಾಶಿಯಲ್ಲಿ ಕನ್ನಡ, ಸ್ಪ್ಯಾನಿಷ್ ಒಂದು ಕಡೆ, ಇಂಗ್ಲಿಷ್ ಒಂದೇ ಒಂದು ಕಡೆ. ‘ಎಲ್ಲಿಗೆ ಹೋಗ್ತಿದ್ದೀರಿ?’ ಅನ್ನುವಾಗ ನಾವು ‘ನೀವು’ ಎಂದು ಹೇಳುವುದೇ ಇಲ್ಲ, ಕ್ರಿಯಾಪದದ ಬಾಲವೇ ಹೇಳುತ್ತದೆ. ಅವರದೂ ಹಾಗೇ. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ನನಗೆ ಕಾಫಿ ಇಷ್ಟ. ಆ ‘ಮೆ’ ನಮ್ಮ ‘ನನಗೆ’. ಇಂಗ್ಲಿಷ್‌ನವರು ಮಾತ್ರ ನಾನು ಕಾಫಿಯನ್ನು ಇಷ್ಟಪಡುತ್ತೇನೆ ಎಂದು ಸುತ್ತಿ ಹೇಳುತ್ತಾರೆ. ‘ಎಕ್ಸ್‌ಪ್ಲೇನ್ ಮಿ’ (ಸರಿಯಾದದ್ದು ‘ಎಕ್ಸ್‌ಪ್ಲೇನ್ ಟು ಮಿ’), ‘ಸಿನ್ಸ್ ಫೈವ್ ಇಯರ್ಸ್’ (‘ಫಾರ್ ಫೈವ್ ಇಯರ್ಸ್’) ಈ ರಾಶಿಗೇ ಸೇರಿದವು. ಇವನ್ನು ಅವರೂ ಹೇಳುತ್ತಾರೆ, ಬೆಂಗಳೂರಿನ ಆಫೀಸುಗಳಲ್ಲಿ ನಾವೂ ಹೇಳುತ್ತೇವೆ. ಅಪಾಯ ಏನೆಂದರೆ ಇಂಥ ತಪ್ಪು ನಿಮ್ಮ ಕಿವಿಗೆ ತಪ್ಪೆಂದೇ ಕೇಳಿಸುವುದಿಲ್ಲ.

ಎರಡನೆಯದರಲ್ಲಿ ಕನ್ನಡ, ಇಂಗ್ಲಿಷ್ ಜೊತೆಗೆ ನಿಂತು ಸ್ಪ್ಯಾನಿಷ್ ಬೇರೆಯಾಗುತ್ತದೆ. ಬಿಳಿ ಮನೆ ನಮಗೂ ಇಂಗ್ಲಿಷ್‌ನವರಿಗೂ ಬಿಳಿ ಮನೆ, ಅವರಿಗೆ ‘ಕಾಸಾ ಬ್ಲಾಂಕಾ’, ಮನೆ ಬಿಳಿ. ನನ್ನ ತಮ್ಮನ ಮನೆ ಅವರಿಗೆ ಮನೆ-ಯ-ನನ್ನ-ತಮ್ಮ. ಜನ ಇದ್ದಾರೆ ಎಂದು ನಾವು ಬಹುವಚನ ಹಾಕುತ್ತೇವೆ, ಅವರ ‘ಹೆಂತೆ’ ಏಕವಚನ, ಆದ್ದರಿಂದ ‘ಪೀಪಲ್ ಈಸ್’. ‘ಇದಕ್ಕೆ ಏನಂತಾರೆ?’ ಎಂದು ನಾವು ಕೇಳಿದರೆ ಅವರು ‘ಹೇಗಂತಾರೆ?’ ಎಂದು ಕೇಳುತ್ತಾರೆ, ಹಾಗಾಗಿ ‘ಹೌ ಡು ಯು ಕಾಲ್ ದಿಸ್?’. ಇಷ್ಟು ಸುಲಭದ್ದು ಯಾಕೆ ಬರಲ್ಲ ಎಂದು ನಮಗೆ ಸಿಟ್ಟು ಬರುವುದು ಈ ರಾಶಿಯಲ್ಲೇ.

ಮೂರನೆಯದರಲ್ಲಿ ಅವರು ಸರಿ, ನಾವು ತಪ್ಪು. ‘ಯು ಡೋಂಟ್ ಹ್ಯಾವ್ ಎ ಕಾರ್?’ ಎಂದರೆ ನಮ್ಮ ಬಾಯಿಗೆ ‘ಎಸ್’ ಬರುತ್ತದೆ: ಹೂಂ, ಇಲ್ಲ. ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಉತ್ತರ ‘ನೋ’. ಕಲಿಯುವವರು ಸರಿಯಾಗಿ ‘ನೋ’ ಅಂದದ್ದನ್ನು ತಿದ್ದಿ ಕೆಡಿಸಿದ ಗೆಳತಿಯೊಬ್ಬಳು ನನಗಿದ್ದಾಳೆ.

## ಹಂತ 1: ಮೊದಲ ದಿನ ಕಲಿಸಬೇಡಿ, ಕೇಳಿಸಿಕೊಳ್ಳಿ

ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಇನ್ನೊಬ್ಬರ ಬಗ್ಗೆ ಹತ್ತು ವಿಷಯ ತಿಳಿದುಕೊಳ್ಳಬೇಕು: ಹೆಸರು, ಊರು, ಕೆಲಸ, ಮಕ್ಕಳು, ಬಂದು ಎಷ್ಟು ವರ್ಷವಾಯಿತು, ನಿನ್ನೆ ಏನು ಮಾಡಿದರು, ಹೀಗೆ. ಪ್ರಶ್ನೆಗಳನ್ನು ನೀವು ಬರೆದುಕೊಡಬೇಡಿ, ವಿಷಯದ ಚಿತ್ರ ಮಾತ್ರ ಕೊಡಿ. ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ನಡುವೆ ತಿದ್ದಬೇಡಿ. ನಾಲಗೆ ತುರಿಸುತ್ತದೆ, ತಡೆದುಕೊಳ್ಳಿ.

ಮನೆಗೆ ಬಂದು ಕೇಳಿ ಗುರುತು ಹಾಕಿ. ಕರ್ತೃ ಬಿಟ್ಟರೆ ಒಂದು ಗೀಟು, ‘ಡು’ ಬಿಟ್ಟರೆ ಒಂದು, ‘ಆರ್ ಯು ವರ್ಕ್’ ಎಂದು ಎರಡನ್ನೂ ಬೆರೆಸಿದರೆ ಒಂದು. ಯಾರಿಗೆ ಯಾವ ಹಂತ ಜಾಸ್ತಿ ಬೇಕು ಎಂದು ಇದರಿಂದಲೇ ತಿಳಿಯುತ್ತದೆ. ರೆಕಾರ್ಡಿಂಗ್ ಅಳಿಸಬೇಡಿ, 12ನೇ ವಾರಕ್ಕೆ ಬೇಕು.

## ಹಂತ 2: ಖಾಲಿ ಕುರ್ಚಿ ತುಂಬಿಸಿ

ಪ್ರಶ್ನೆಗೆ ಹೋಗುವ ಮುಂಚೆ ಸಾದಾ ವಾಕ್ಯದಲ್ಲಿ ಕರ್ತೃ ಕೂರಬೇಕು. ಇದನ್ನು ಹಾರಿಸಿದವರೇ ಮುಂದೆ ನಾಲ್ಕನೇ ಹಂತದಲ್ಲಿ ಸಿಕ್ಕಿಬೀಳುವುದು. ‘ಎಸ್ತಾ ಯೊವ್ಯೆಂದೊ’ ಎಂದರೆ ಮಳೆ ಬರುತ್ತಿದೆ, ಅದರಲ್ಲಿ ಕರ್ತೃವೇ ಇಲ್ಲ. ಹಾಗಾಗಿ ‘ಈಸ್ ರೇನಿಂಗ್’, ‘ಈಸ್ ಇಂಪಾರ್ಟೆಂಟ್’.

ನಾನು ಮೂರು ಕುರ್ಚಿ ಸಾಲಾಗಿ ಇಡುತ್ತೇನೆ. ಎರಡನೇ ಕುರ್ಚಿಯಲ್ಲಿ ‘ಈಸ್’ ಕಾರ್ಡ್ ಹಿಡಿದು ಒಬ್ಬರು, ಮೂರನೆಯದರಲ್ಲಿ ‘ರೇನಿಂಗ್’ ಹಿಡಿದು ಒಬ್ಬರು. ಮೊದಲನೆಯದು ಖಾಲಿ. ಯಾರಾದರೂ ‘ಇಟ್’ ಹಿಡಿದು ಬಂದು ಕೂರುವವರೆಗೂ ಯಾರೂ ಬಾಯಿ ಬಿಡುವಂತಿಲ್ಲ. ಮಕ್ಕಳಾಟದ ಹಾಗೆ ಕಾಣುತ್ತದೆ, ದಿನವಿಡೀ ಛಾವಣಿ ಹೊದಿಸಿ ಬಂದ ಗಂಡಸರು ಮೊದಲು ಮುಜುಗರ ಪಡುತ್ತಾರೆ. ಆದರೆ ಎರಡು ವಾರದ ಮೇಲೆ ತಪ್ಪಿದಾಗ ನಾನು ಖಾಲಿ ಕುರ್ಚಿಯತ್ತ ಕೈ ತೋರಿಸಿದರೆ ಸಾಕು, ‘ಇಟ್, ಇಟ್’ ಎಂದು ತಾವೇ ಸೇರಿಸುತ್ತಾರೆ.

ಇದೇ ಹಂತದಲ್ಲಿ ಹಿ, ಶಿ ಗೊಂದಲವನ್ನೂ ನೋಡಿಕೊಳ್ಳಿ. ಅವನ, ಅವಳ, ನಿಮ್ಮ, ಅವರ ಎಲ್ಲಕ್ಕೂ ಸ್ಪ್ಯಾನಿಷ್‌ನಲ್ಲಿ ಒಂದೇ ‘ಸು’ ಸಾಕಾಗುತ್ತದೆ. ಹೆಂಡತಿಯ ಬಗ್ಗೆ ಹೇಳುತ್ತಾ ‘ಹಿಸ್ ಮದರ್’ ಅಂದರೆ ಅದು ಅಜಾಗರೂಕತೆಯಲ್ಲ. ಮನೆಯವರ ಫೋಟೋ ತರಿಸಿ ಅದರ ಮೇಲೆ ಬೆರಳಿಟ್ಟು ಹೇಳಿಸಿ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

## ಹಂತ 3: ‘ಬಿ’ (ಆಮ್, ಈಸ್, ಆರ್) ಪ್ರಶ್ನೆಗಳು, ತಿರುಗಿಸಿದರೆ ಸಾಕು

‘ಯು ಆರ್ ಟೈರ್ಡ್’, ‘ಆರ್ ಯು ಟೈರ್ಡ್?’. ಮೊದಲೆರಡು ಕುರ್ಚಿಯವರು ಜಾಗ ಬದಲಿಸಿಕೊಂಡರೆ ಪ್ರಶ್ನೆ. ಇದು ಅವರಿಗೆ ಬೇಗ ಹಿಡಿಯುತ್ತದೆ. ‘ಇರು’ ಎನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಸೆರ್, ಎಸ್ತಾರ್ ಎಂದು ಎರಡು ಕ್ರಿಯಾಪದಗಳಿವೆ, ಇಂಗ್ಲಿಷ್‌ನಲ್ಲಿ ಒಂದೇ ಎಂದು ಗೊತ್ತಾದಾಗ ಖುಷಿಯೇ ಆಗುತ್ತದೆ.

ಕಷ್ಟ ಬೇರೆ ಕಡೆ ಇದೆ. ವಯಸ್ಸು, ಹಸಿವು, ಚಳಿ, ಭಯ, ನಿದ್ದೆ ಇವೆಲ್ಲ ಅವರಿಗೆ ‘ಇಟ್ಟುಕೊಳ್ಳುವ’ ವಸ್ತುಗಳು. ‘ತೆಂಗೊ ಆಂಬ್ರೆ’ ಎಂದರೆ ಹಸಿವನ್ನು ಇಟ್ಟುಕೊಂಡಿದ್ದೇನೆ. ಅದಕ್ಕೇ ‘ಐ ಹ್ಯಾವ್ ಥರ್ಟಿ ಇಯರ್ಸ್’, ‘ಹೌ ಮೆನಿ ಇಯರ್ಸ್ ಯು ಹ್ಯಾವ್?’. ನಮಗೆ ಹಸಿವು ‘ಆಗುತ್ತದೆ’, ಅವರು ಅದನ್ನು ‘ಹೊಂದಿರುತ್ತಾರೆ’, ಇಂಗ್ಲಿಷ್‌ನವರು ತಾವೇ ಹಸಿದವರಾಗುತ್ತಾರೆ.

ಇದಕ್ಕೆ ನಿಯಮ ಹೇಳಿ ಪ್ರಯೋಜನವಿಲ್ಲ. ‘ಹೌ ಓಲ್ಡ್ ಆರ್ ಯು?’, ‘ಆರ್ ಯು ಹಂಗ್ರಿ?’, ‘ಆರ್ ಯು ಕೋಲ್ಡ್?’, ‘ಆರ್ ಯು ಅಫ್ರೇಡ್?’, ‘ಆರ್ ಯು ಸ್ಲೀಪಿ?’ ಈ ಐದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ. ಪ್ರತಿ ಕ್ಲಾಸಿನ ಮೊದಲ ಐದು ನಿಮಿಷ ಇದಕ್ಕೇ.

ಮೂರನೇ ವಾರ ಮುಗಿಯುವ ತನಕ ‘ಡು’ ಬೋರ್ಡಿನ ಮೇಲೆ ಬರಕೂಡದು. ಒಂದೇ ದಿನ ‘ಆರ್ ಯು’, ‘ಡು ಯು’ ಎರಡನ್ನೂ ಅಕ್ಕಪಕ್ಕ ಬರೆದು ವ್ಯತ್ಯಾಸ ತೋರಿಸುವುದು ಶಾಲೆಯಿಂದ ನಮಗೆ ಬಂದ ಚಾಳಿ. ಅದರಿಂದ ಹುಟ್ಟುವುದೇ ‘ಆರ್ ಯು ಲಿವ್ ಹಿಯರ್?’.

## ಹಂತ 4: ‘ಡು’, ‘ಡಸ್’, ‘ಡಿಡ್’

ಇಲ್ಲಿ ನಾಲ್ಕು ವಾರ ಹೋಗುತ್ತದೆ. ಹೋಗಲಿ.

ಈ ‘ಡು’ಗೆ ಸ್ಪ್ಯಾನಿಷ್‌ನಲ್ಲಿ ಜೋಡಿಯಿಲ್ಲ, ಕನ್ನಡದಲ್ಲೂ ಇಲ್ಲ. ‘ವಿವೆ ಆಕಿ?’ ಅಂದರೆ ‘ಇಲ್ಲೇ ಇರ್ತೀರಾ?’. ಅವರು ದನಿ ಏರಿಸುತ್ತಾರೆ, ನಾವು ಕೊನೆಗೊಂದು ‘ಆ’ ಸೇರಿಸುತ್ತೇವೆ. ನಡುವೆ ಅರ್ಥವೇ ಇಲ್ಲದ ಪದವೊಂದನ್ನು ತಂದು ನಿಲ್ಲಿಸುವ ಅಗತ್ಯ ಇಬ್ಬರಿಗೂ ಬಂದಿಲ್ಲ. ಆದ್ದರಿಂದ ‘ಡು ಅಂದರೇನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಮಾಡು’ ಎಂದು ಉತ್ತರಿಸಬೇಡಿ. ಅವರು ತಕ್ಷಣ ‘ಆಸೆರ್’ (ಅವರ ‘ಮಾಡು’) ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತಾರೆ, ಅಲ್ಲಿಗೆ ಕೆಟ್ಟಿತು. ಇದಕ್ಕೆ ಅರ್ಥವಿಲ್ಲ, ಪ್ರಶ್ನೆ ಬರುತ್ತಿದೆ ಎಂದು ಸಾರುವ ಗಂಟೆ ಇದು ಅನ್ನಿ. ಸ್ಪ್ಯಾನಿಷ್ ಬರವಣಿಗೆಯಲ್ಲಿ ಪ್ರಶ್ನೆಯ ಶುರುವಿನಲ್ಲೇ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ನಾನು ಅದನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಅದರ ಹೊಟ್ಟೆಯೊಳಗೆ ‘ಡು’ ಬರೆಯುತ್ತೇನೆ. ಕಾಗದದಲ್ಲಿ ನೀವು ಮೊದಲೇ ಹಾಕುವ ಗುರುತನ್ನು ಇವರು ಬಾಯಲ್ಲಿ ಹೇಳುತ್ತಾರೆ, ಅಷ್ಟೇ. ನನ್ನ ಕ್ಲಾಸಿನಲ್ಲಿ ಇದರಷ್ಟು ಬೇಗ ಹತ್ತಿದ್ದು ಬೇರೊಂದಿಲ್ಲ.

4.1 ಮೊದಲ ವಾರ ‘ಡು ಯು’ ಮಾತ್ರ. ಲಿವ್, ವರ್ಕ್, ಹ್ಯಾವ್, ಲೈಕ್, ವಾಂಟ್, ನೀಡ್, ನೋ ಎಂಬ ಏಳು ಕ್ರಿಯಾಪದ ಸಾಕು. ಹಿ, ಶಿ ಬೇಡ. ರಿಯಾಯಿತಿ ಹಾಳೆ ಇಟ್ಟುಕೊಂಡು ‘ಡು ಯು ಲೈಕ್ ಮ್ಯಾಂಗೋಸ್?’, ‘ಡು ಯು ನೀಡ್ ರೈಸ್?’ ಎಂದು ಮೇಜಿನಿಂದ ಮೇಜಿಗೆ ಓಡಾಡಲಿ.

4.2 ಎರಡನೇ ವಾರ ‘ಡಸ್’. ಹಳದಿ ಸ್ಟಿಕಿ ನೋಟಿನ ಮೇಲೆ ಒಂದೇ ಒಂದು ಎಸ್ ಅಕ್ಷರ ಬರೆಯಿರಿ. ಇಡೀ ಕ್ಲಾಸಿಗೆ ಒಂದೇ ಚೀಟಿ, ಎರಡಲ್ಲ. ‘ಮಾರಿಯಾ ವರ್ಕ್ಸ್’ ವಾಕ್ಯದಲ್ಲಿ ಅದು ‘ವರ್ಕ್’ ಕಾರ್ಡಿನ ಬೆನ್ನಿಗೆ ಅಂಟಿರುತ್ತದೆ. ಪ್ರಶ್ನೆ ಮಾಡುವಾಗ ಅದನ್ನು ಅಲ್ಲಿಂದ ಕಿತ್ತು ‘ಡು’ ಕಾರ್ಡಿಗೆ ಅಂಟಿಸಿದರೆ ‘ಡಸ್’ ಆಯಿತು. ‘ವರ್ಕ್’ ಬೋಳಾಯಿತು. ‘ಡಸ್ ಮಾರಿಯಾ ವರ್ಕ್ಸ್?’ ಎಂದು ಯಾರಾದರೂ ಹೇಳಿದರೆ ನಾನು ತಿದ್ದುವುದಿಲ್ಲ, ಇನ್ನೊಂದು ಹಳದಿ ಚೀಟಿ ಎಲ್ಲಿ ಎಂದು ಜೇಬು ತಡಕಾಡುತ್ತೇನೆ. ಒಂದು ಸಲ ಗೋಡೆಗೆ ಸುಣ್ಣ ಬಳಿಯುವ ಕೆಲಸದ ಹುಡುಗನೊಬ್ಬ ಆ ಚೀಟಿಯನ್ನು ಹಣೆಗೆ ಅಂಟಿಸಿಕೊಂಡು ‘ಐ ವರ್ಕ್ಸ್’ ಎಂದ. ತಪ್ಪು ಯಾವುದೆಂದು ಗೊತ್ತಿದ್ದರೆ ತಾನೇ ಹಾಗೆ ತಮಾಷೆ ಮಾಡಲು ಬರುವುದು.

ಒಂದು ಸೂಕ್ಷ್ಮ. ಸ್ಪ್ಯಾನಿಷ್‌ನ ‘ಉಸ್ತೆದ್’ ನಮ್ಮ ‘ನೀವು’ ಇದ್ದ ಹಾಗೆ ಗೌರವದ ಮಾತು, ಆದರೆ ಅದಕ್ಕೆ ಹತ್ತುವ ಕ್ರಿಯಾಪದ ‘ಅವನು, ಅವಳು’ ರೂಪದ್ದು. ಹಿರಿಯರು ನಿಮ್ಮನ್ನು ‘ಡಸ್ ಯು ಲೈಕ್?’ ಎಂದು ಕೇಳಿದರೆ ಕಾರಣ ಅಲ್ಲಿರಬಹುದು.

4.3 ಮೂರನೇ ವಾರ ‘ಡಿಡ್’. ಈಗ ಗುಲಾಬಿ ಚೀಟಿ, ಭೂತಕಾಲದ್ದು. ‘ವರ್ಕ್ಡ್’ನಿಂದ ಕಿತ್ತು ‘ಡು’ಗೆ ಅಂಟಿಸಿದರೆ ‘ಡಿಡ್’. ‘ವೆಂಟ್’, ‘ಏಟ್’ ತರಹದವಕ್ಕೆ ಕಾರ್ಡಿನ ಒಂದು ಮುಖದಲ್ಲಿ ‘ವೆಂಟ್’, ಹಿಂದೆ ‘ಗೋ’ ಬರೆದು, ‘ಡಿಡ್’ ಬಂದಾಗ ಮಗುಚಿ ಹಾಕಿಸಿ. ಕ್ಯಾಲೆಂಡರ್ ಬೇಕಾಗುವುದು ಇಲ್ಲಿ: ನಿನ್ನೆ, ಕಳೆದ ಭಾನುವಾರ, ಕಳೆದ ತಿಂಗಳು ಎಂದು ಬೆರಳಿಟ್ಟು ಕೇಳಬೇಕು.

4.4 ನಾಲ್ಕನೇ ವಾರ ಬೇರ್ಪಡಿಸುವ ಆಟ. ಈಗ ಎರಡು ಡಬ್ಬ ಇಡಿ, ಒಂದರ ಮೇಲೆ ‘ಆರ್’, ಇನ್ನೊಂದರ ಮೇಲೆ ‘ಡು’. ‘ಟೈರ್ಡ್’, ‘ವರ್ಕ್’, ‘ಮ್ಯಾರೀಡ್’, ‘ನೀಡ್’, ‘ಫ್ರಮ್ ಮೆಕ್ಸಿಕೋ’ ಎಂಬ ಚೀಟಿಗಳನ್ನು ಸರಿಯಾದ ಡಬ್ಬಕ್ಕೆ ಹಾಕಿ ಪ್ರಶ್ನೆ ಹೇಳಬೇಕು.

ಎಚ್ಚರಿಕೆಯ ಲಕ್ಷಣಗಳು: ಈ ವಾರದಲ್ಲಿ ‘ಡು ಯು ಆರ್ ಟೈರ್ಡ್?’ ಕೇಳಿಸುತ್ತದೆ. ಹೆದರಬೇಡಿ, ‘ಡು’ ಒಳಗಿಳಿದಿದೆ ಎಂದರ್ಥ, ಹತ್ತು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ನಿಜಕ್ಕೂ ಹೆದರಬೇಕಾದದ್ದು ಇನ್ನೂ ‘ಯು ಲಿವ್ ಹಿಯರ್?’ ಎಂದೇ ಕೇಳುವವರ ಬಗ್ಗೆ. ಯಾಕೆಂದರೆ ದನಿ ಏರಿಸಿ ಹಾಗೆ ಕೇಳಿದರೆ ಹೊರಗಡೆ ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ತಿದ್ದುವುದಿಲ್ಲ. ಅಂಥವರನ್ನು 4.1ಕ್ಕೆ ವಾಪಸ್ ಕರೆತನ್ನಿ.

## ಹಂತ 5: ಪ್ರಶ್ನೆಪದಗಳು

‘ಡು’ ಗಟ್ಟಿಯಾದ ಮೇಲೆ ವಾಟ್, ವೇರ್, ವೆನ್‌ಗಳನ್ನು ಅದರ ತಲೆಯ ಮೇಲೆ ಇಡುವುದಷ್ಟೇ ಕೆಲಸ. ‘ಡು ಯು ಲಿವ್’ ಹಾಗೇ ಇರಲಿ, ಮುಂದೆ ‘ವೇರ್’ ಕೂರಿಸಿ. ನಮ್ಮವರು ಪಠ್ಯಪುಸ್ತಕ ನೋಡಿ ವೇರ್, ವಾಟ್‌ಗಳನ್ನು ಮೊದಲ ವಾರವೇ ಕಲಿಸುತ್ತಾರೆ. ‘ವೇರ್ ಯು ಲಿವ್?’ ಹುಟ್ಟುವುದು ಅಲ್ಲಿ.

ಗಮನಿಸಬೇಕಾದ ಕೆಲವು ಜಾಗಗಳಿವೆ. ಕೇಳಿಸದಿದ್ದಾಗ ಅವರು ‘ಕೋಮೊ?’ ಅನ್ನುತ್ತಾರೆ, ಇಂಗ್ಲಿಷ್‌ನಲ್ಲಿ ಅದು ‘ಹೌ?’ ಆಗಿ ಬಂದು ಎದುರಿನವರು ಕಕ್ಕಾಬಿಕ್ಕಿಯಾಗುತ್ತಾರೆ. ಬದಲಿಗೆ ‘ಸಾರಿ?’ ಎಂದು ದನಿ ಏರಿಸಿ ಹೇಳುವುದನ್ನು ಮೊದಲ ವಾರದಿಂದಲೇ ರೂಢಿ ಮಾಡಿಸಿ. ‘ಎಲ್ಲಿಂದ’, ‘ಯಾರ ಜೊತೆ’ ಎಂದು ನಮ್ಮ ಹಾಗೆ ಅವರೂ ಅಂಟಿಸಿಯೇ ಕೇಳುತ್ತಾರೆ, ಆದ್ದರಿಂದ ‘ಫ್ರಮ್ ವೇರ್ ಯು ಆರ್?’. ಇಂಗ್ಲಿಷ್‌ನವರು ಆ ‘ಫ್ರಮ್’, ‘ವಿತ್’ಗಳನ್ನು ಕೊನೆಗೆ ಎಸೆಯುತ್ತಾರೆ: ‘ವೇರ್ ಆರ್ ಯು ಫ್ರಮ್?’, ‘ಹು ಡು ಯು ಲಿವ್ ವಿತ್?’. ಇನ್ನು ‘ಹು ಲಿವ್ಸ್ ಹಿಯರ್?’ ಎಂಬಲ್ಲಿ ‘ಡು’ ಬರುವುದಿಲ್ಲ. ಅದನ್ನು ನೀವಾಗಿ ಎತ್ತಬೇಡಿ, ಯಾರಾದರೂ ಕೇಳಿದರೆ ಹೇಳಿ.

‘ಕ್ಯಾನ್ ಯು ಟೆಲ್ ಮಿ ವೇರ್ ಈಸ್ ದ ಬಸ್ ಸ್ಟಾಪ್?’ ಎಂಬುದನ್ನು (ಸರಿಯಾದದ್ದು ‘ವೇರ್ ದ ಬಸ್ ಸ್ಟಾಪ್ ಈಸ್’) ಈ ಮಟ್ಟದಲ್ಲಿ ತಿದ್ದಬೇಡಿ. ನಮ್ಮ ಎಂಜಿನಿಯರುಗಳೇ ಇಪ್ಪತ್ತು ವರ್ಷದಿಂದ ಹಾಗೆ ಕೇಳಿ ಬಸ್ ಹತ್ತುತ್ತಿದ್ದಾರೆ.

## ಹಂತ 6: ಉತ್ತರ

ಚಿಕ್ಕ ಉತ್ತರ ಸಾಕು: ‘ಎಸ್, ಐ ಡು’, ‘ನೋ, ಐ ಆಮ್ ನಾಟ್’. ಯಾವ ಗಂಟೆ ಹೊಡೆಯಿತೋ ಅದೇ ಉತ್ತರದಲ್ಲಿ ಮರುದನಿಸಬೇಕು. ಎರಡು ಇಲ್ಲಗಳು ಒಟ್ಟಿಗೆ ಬರುವುದು ಸ್ಪ್ಯಾನಿಷ್‌ನಲ್ಲಿ ಸರಿ, ‘ನೋ ತೆಂಗೊ ನಾದಾ’. ಹಾಗಾಗಿ ‘ಐ ಡೋಂಟ್ ಹ್ಯಾವ್ ನಥಿಂಗ್’ ಬರುತ್ತದೆ. ಎಲ್ಲರಿಗೂ ಅರ್ಥವಾಗುತ್ತದೆ, ಕೊನೆಯ ವಾರಗಳಿಗೆ ಬಿಡಿ. ‘ಯು ಡೋಂಟ್’ ಥರ ಇಲ್ಲ ಎಂಬ ಅರ್ಥದ ಪ್ರಶ್ನೆಗಳಿಗೆ ಅವರು ಕೊಡುವ ಉತ್ತರವನ್ನು ಮಾತ್ರ ಮುಟ್ಟಬೇಡಿ. ಮೇಲೆ ಹೇಳಿದೆನಲ್ಲ, ಅಲ್ಲಿ ತಪ್ಪುವವರು ನಾವು.

## ಹಂತ 7: ಹೊರಗಿನ ಪ್ರಶ್ನೆಗಳು

ಎಂಟನೇ ವಾರದಿಂದ ಕ್ಲಿನಿಕ್, ಮಕ್ಕಳ ಶಾಲೆ, ಕೆಲಸದ ಜಾಗ ಎಂದು ಮೂರು ಕಟ್ಟು ಮಾಡಿ. ಪ್ರತಿಯೊಂದರಲ್ಲೂ ಅವರು ಕೇಳಬೇಕಾದದ್ದು ಐದು, ಅವರನ್ನು ಕೇಳುವುದು ಹತ್ತು. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ.

ಕೇಳಿಸಿಕೊಳ್ಳುವುದೇ ಕಷ್ಟ. ಕನ್ನಡದ ಹಾಗೆ ಸ್ಪ್ಯಾನಿಷ್‌ನಲ್ಲೂ ಪ್ರತಿ ಅಕ್ಷರಕ್ಕೆ ಹೆಚ್ಚುಕಡಿಮೆ ಸಮನಾದ ಕಾಲ ಸಿಗುತ್ತದೆ. ಅಮೆರಿಕದವರು ಅರ್ಧ ನುಂಗುತ್ತಾರೆ. ‘ವೆನ್ ಡಿಡ್ ಇಟ್ ಸ್ಟಾರ್ಟ್?’ ಎಂದು ನೀವು ಬಿಡಿಸಿ ಬಿಡಿಸಿ ಹೇಳಿಕೊಟ್ಟದ್ದು ನರ್ಸ್ ಬಾಯಲ್ಲಿ ‘ವೆಂಡಿಡಿಸ್ಟಾರ್ಟ್?’. ‘ಡಿಡ್ ಯು’ ಹೋಗಿ ‘ಡಿಜ’, ‘ವಾಟ್ ಡು ಯು’ ಹೋಗಿ ‘ವಡ್ಯ’. ನಿಮ್ಮ ಸ್ಪಷ್ಟ ಉಚ್ಚಾರಣೆ ಇಲ್ಲಿ ಅವರಿಗೆ ಉಪಕಾರ ಮಾಡುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬರಿಂದ ಆ ಹತ್ತು ಪ್ರಶ್ನೆಗಳನ್ನು ಅವರ ಸಹಜ ವೇಗದಲ್ಲಿ ಓದಿಸಿ ರೆಕಾರ್ಡ್ ಮಾಡಿಕೊಂಡು ಕೇಳಿಸಿ. ವಿ, ಡಬ್ಲ್ಯು ವ್ಯತ್ಯಾಸಕ್ಕೂ ಅದನ್ನೇ ನೆಚ್ಚಿಕೊಳ್ಳಿ, ನಮಗೆ ಎರಡೂ ಒಂದೇ ವ.

ಹ್ರಸ್ವ, ದೀರ್ಘದಲ್ಲಿ ಮಾತ್ರ ನಮ್ಮ ನಾಲಗೆ ಗಟ್ಟಿ. ಸ್ವರ ಎಳೆದರೆ ಅರ್ಥ ಬದಲಾಗುವುದು ಸ್ಪ್ಯಾನಿಷ್‌ನಲ್ಲಿಲ್ಲ, ಆದ್ದರಿಂದ ಶಿಪ್, ಶೀಪ್ ಅವರಿಗೆ ಒಂದೇ. ‘ಲಿವ್’, ‘ಲೀವ್’ ಒಂದಾದರೆ ‘ಎಲ್ಲಿರ್ತೀರಿ’ ಹೋಗಿ ‘ಎಲ್ಲಿ ಬಿಟ್ಟು ಹೋಗ್ತೀರಿ’ ಆಗುತ್ತದೆ. ಕೈಯಲ್ಲಿ ರಬ್ಬರ್ ಬ್ಯಾಂಡ್ ಎಳೆದು ತೋರಿಸಿ. ‘ಎಸ್ಕೂಲ್’ ಎಂದರೆ ನಗಬೇಡಿ, ನಮ್ಮೂರಿನ ಅಜ್ಜಿಯರೂ ಇಸ್ಕೂಲು ಅಂದವರೇ.

ಕ್ಲಿನಿಕ್ ಕಟ್ಟಿನಲ್ಲಿ ಒಂದೇ ಮುಖದ ಬೇರೆ ಅರ್ಥದ ಪದಗಳ ಮೇಲೆ ಕಣ್ಣಿಡಿ. ‘ಎಂಬಾರಸಾದಾ’ ಎಂದರೆ ಗರ್ಭಿಣಿ, ನಾಚಿಕೆಯಲ್ಲ. ಸ್ಪೇನ್‌ನವರು ‘ಕೋನ್ಸ್ತಿಪಾದೊ’ ಎಂದರೆ ನೆಗಡಿ, ಮಲಬದ್ಧತೆಯಲ್ಲ. ‘ಇಂತೊಕ್ಸಿಕಾದೊ’ ತೀರಾ ಅಪಾಯದ್ದು. 1980ರಲ್ಲಿ ಫ್ಲಾರಿಡಾದಲ್ಲಿ 18 ವರ್ಷದ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಾಗ, ತಿಂದದ್ದು ಏನೋ ಆಗಿಬಂದಿಲ್ಲ ಎಂಬರ್ಥದಲ್ಲಿ ಅವನ ಕ್ಯೂಬಾ ಮೂಲದ ಮನೆಯವರು ಈ ಪದ ಹೇಳಿದರು. ಅದು ಇಂಗ್ಲಿಷ್‌ನ ‘ಇಂಟಾಕ್ಸಿಕೇಟೆಡ್’ ಆಗಿ, ಮಾದಕವಸ್ತು ಹೆಚ್ಚಾಗಿದೆ ಎಂದು ಚಿಕಿತ್ಸೆ ನಡೆಯಿತು. ಇದ್ದದ್ದು ಮಿದುಳಿನ ರಕ್ತಸ್ರಾವ. ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಆದ್ದರಿಂದ ‘ಐ ಏಟ್ ಸಮ್‌ಥಿಂಗ್ ಬ್ಯಾಡ್’, ‘ಐ ಫೀಲ್ ಡಿಸಿ’ ಇಂಥ ಚಿಕ್ಕ ಮಾತುಗಳನ್ನೇ ಕಲಿಸಿ. ಅದಕ್ಕಿಂತ ಮೊದಲು ಕಲಿಸಬೇಕಾದದ್ದು ‘ಐ ನೀಡ್ ಆನ್ ಇಂಟರ್‌ಪ್ರಿಟರ್, ಪ್ಲೀಸ್’.

ಪೌರತ್ವದ ಸಂದರ್ಶನಕ್ಕೆ ತಯಾರಾಗುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಇಂಗ್ಲಿಷ್ ಓದುವ, ಬರೆಯುವ ಪರೀಕ್ಷೆಯಲ್ಲಿ ಮೂರರಲ್ಲಿ ಒಂದೊಂದು ವಾಕ್ಯ ಸರಿಯಾದರೆ ಸಾಕು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಕಷ್ಟ ಕೊಡುವುದು ಪೌರತ್ವ ಕೋರುವ ಎನ್-400 ಅರ್ಜಿಯಲ್ಲಿರುವ ‘ಹ್ಯಾವ್ ಯು ಎವರ್’ ಎಂದು ಶುರುವಾಗುವ ಪ್ರಶ್ನೆಗಳು. ಅರ್ಥವಾಗದಿದ್ದಾಗ ಮರ್ಯಾದೆಗೆಂದು ತಲೆಯಾಡಿಸಿ ‘ಎಸ್’ ಅನ್ನುವ ಅಭ್ಯಾಸ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಅಲ್ಲಿ ಅದು ದುಬಾರಿ. ‘ಕ್ಯಾನ್ ಯು ರಿಪೀಟ್ ದಟ್, ಪ್ಲೀಸ್?’ ಎಂದು ನಿದ್ದೆಯಲ್ಲೂ ಬರುವಂತೆ ಹೇಳಿಸಿ. ಪದದ ಅರ್ಥ ಹೇಳಿಕೊಡಿ. ಯಾವುದಕ್ಕೆ ಏನು ಉತ್ತರ ಕೊಡಬೇಕೆಂದು ಮಾತ್ರ ಹೇಳಹೋಗಬೇಡಿ, ಅದು ವಕೀಲರ ಕೆಲಸ.

## ನಾವು ಬಿಡಬೇಕಾದ ಮಾತುಗಳು

‘ವಾಟ್ ಈಸ್ ಯುವರ್ ಗುಡ್ ನೇಮ್?’, ‘ಐ ಆಮ್ ಹ್ಯಾವಿಂಗ್ ಟು ಕಿಡ್ಸ್’, ‘ಡು ಒನ್ ಥಿಂಗ್’, ಎಲ್ಲ ವಾಕ್ಯದ ಬಾಲಕ್ಕೂ ‘ಈಸಂಟ್ ಇಟ್?’. ಇವು ಊರಿನಲ್ಲಿ ಚೆನ್ನಾಗಿಯೇ ಓಡುತ್ತವೆ, ನಮ್ಮೊಳಗೆ ಮಾತಾಡಲು ತೊಂದರೆಯಿಲ್ಲ. ಆದರೆ ಕಲಿಯುವವರು ನೀವು ಹೇಳಿದ್ದನ್ನು ಹಾಗೇ ಹೀರಿಕೊಳ್ಳುತ್ತಾರೆ. ನನ್ನ ಮೊದಲ ಬ್ಯಾಚಿನ ಹೊಂಡುರಾಸ್‌ನ ಹೆಂಗಸೊಬ್ಬರು ಕೆಲಸದ ಸಂದರ್ಶನಕ್ಕೆ ಹೋಗಿ ಮ್ಯಾನೇಜರ್‌ನ ‘ಗುಡ್ ನೇಮ್’ ಕೇಳಿ ಬಂದರು. ಆತ ‘ಐ ಓನ್ಲಿ ಹ್ಯಾವ್ ಒನ್’ ಅಂದನಂತೆ. ಕೆಲಸವೇನೋ ಸಿಕ್ಕಿತು. ನಾನು ಮಾತ್ರ ಅವತ್ತಿನಿಂದ ನನ್ನ ಕ್ಲಾಸನ್ನೂ ತಿಂಗಳಿಗೊಮ್ಮೆ ರೆಕಾರ್ಡ್ ಮಾಡಿ ಕೇಳುತ್ತೇನೆ.

## 12ನೇ ವಾರ

ಮೊದಲ ದಿನದ ಚಿತ್ರಗಳನ್ನೇ ಮತ್ತೆ ಕೊಟ್ಟು, ಜೋಡಿ ಬದಲಿಸಿ, ರೆಕಾರ್ಡ್ ಮಾಡಿ. ಆಮೇಲೆ ಹಳೆಯದು, ಹೊಸದು ಎರಡನ್ನೂ ಅವರಿಗೇ ಕೇಳಿಸಿ. ಹತ್ತರಲ್ಲಿ ಏಳು ಪ್ರಶ್ನೆ ಸರಿ ಬಂದವರನ್ನು ಮುಂದಿನ ಕ್ಲಾಸಿಗೆ ಕಳಿಸಿ. ಬರದವರಿಗೆ ನಾಲ್ಕನೇ ಹಂತ ಮಾತ್ರ ಮತ್ತೊಮ್ಮೆ, ಪೂರ್ತಿ ಬೇಡ. ನಡುವೆ ಮೂರು ವಾರ ಬಾರದೆ ಇದ್ದವರು ಬಂದರೆ ಯಾಕೆ ಬರಲಿಲ್ಲ ಎಂದು ಎಲ್ಲರೆದುರು ಕೇಳಬೇಡಿ. ಪಾಳಿ ಬದಲಾಗಿರುತ್ತದೆ, ಮಗುವಿಗೆ ಹುಷಾರಿರುವುದಿಲ್ಲ. ಕುರ್ಚಿ ತೋರಿಸಿ, ಹಳದಿ ಚೀಟಿ ಕೈಗೆ ಕೊಡಿ.